ಕನ್ನಡದಾಗ ಫ್ಯಾಂಟಸಿ ಎಲ್ಲೈತಿ ಅನ್ನೋರಿಗೆ

1/4
ಹೋದ ವಾರದ ಪೋಸ್ಟಿಗೆ ಒಂದು ಕಾಮೆಂಟ್ ಬಂತು: "ಕನ್ನಡದಾಗ ಫ್ಯಾಂಟಸಿ ಎಲ್ಲೈತಿ ಬಿಡ್ರಿ, ಎಲ್ಲಾ ಬರೀ ಗೋಳಿನ ಕಥಿ." ಅದಕ್ಕೆ ಲೈಕ್ ಮೇಲೆ ಲೈಕ್. ಸಿಟ್ಟು ಬಂತು. ಆಮೇಲೆ ನೆನಪಾಯ್ತು, ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ. ಹಾಗಾಗಿ ಈ ಜಗಳ ನಿಮ್ಮ ಜೊತೆ ಮಾತ್ರ ಅಲ್ಲ, ಆವಾಗಿನ ನನ್ನ ಜೊತೆಗೂ ಹೌದು.

ಹ್ಯಾರಿ ಪಾಟರ್ ಏಳೂ ಭಾಗ ಓದಿದವಳು ನಾನು. ಇವತ್ತಿಗೂ ಇಷ್ಟ. ತಕರಾರು ಇರೋದು ಮಂತ್ರದಂಡ, ಡ್ರ್ಯಾಗನ್, ಮೊದಲ ಪುಟದಲ್ಲಿ ಮ್ಯಾಪ್ ಇದ್ದರೆ ಮಾತ್ರ ಫ್ಯಾಂಟಸಿ ಅನ್ನೋ ಲೆಕ್ಕದ ಮೇಲೆ.

2/4
ಈ ತಿಂಗಳು ಮುಗಿಸಿದ್ದು ಕುಂ. ವೀರಭದ್ರಪ್ಪನವರ 'ಅರಮನೆ'. ಕುಂವೀ 1953ರಲ್ಲಿ ನಮ್ಮ ಕೊಟ್ಟೂರಲ್ಲೇ ಹುಟ್ಟಿದವರು. ಈ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಲಬುರ್ಗಿಯವರ ಹತ್ಯೆ ಖಂಡಿಸಿ 2015ರಲ್ಲಿ ಅದನ್ನ ವಾಪಸ್ ಮಾಡಿದರು. ಇಷ್ಟು ನಮ್ಮೂರಲ್ಲಿ ಕೇಳಿದರೆ ಹೇಳ್ತಾರೆ. ಪುಸ್ತಕ ಓದಿದವರು ಎಷ್ಟು ಮಂದಿ?

1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಪರೀಕ್ಷೆ ಬರೆಯೋ ನಮಗೆ ಅವನು 'ರೈತವಾರಿ ಪದ್ಧತಿ' ಅನ್ನೋ ಎರಡು ಮಾರ್ಕಿನ ಉತ್ತರ. 'ಅರಮನೆ'ಯಲ್ಲಿ ಅದೇ ಮನ್ರೋ ನಮ್ಮ ಪಾಳೇಗಾರರು, ಮೈಮೇಲೆ ಬರೋ ದೇವತೆ ಇವರ ನಡುವೆ ಓಡಾಡ್ತಾನೆ. ಅವನ ಕಂದಾಯದ ಲೆಕ್ಕ ಒಂದು ಕಡೆ, ನಮ್ಮ ದೇವರ ಲೆಕ್ಕ ಇನ್ನೊಂದು ಕಡೆ.

ಓದೋದು ಸುಲಭ ಅಂತ ಸುಳ್ಳು ಹೇಳಲ್ಲ. ಉದ್ದುದ್ದ ವಾಕ್ಯ. ಎರಡು ಸಲ ಕೆಳಗಿಟ್ಟೆ. ಮೂರನೇ ಸಲ ಜೋರಾಗಿ ಓದಿದೆ. ಅಡುಗೆಮನೆಯಿಂದ ಅಜ್ಜಿ "ಯಾರ್ ಬಂದಾರಬೇ?" ಅಂದಳು. ಅವಳಿಗೆ ಅದು ಪುಸ್ತಕ ಅನ್ನಿಸಲೇ ಇಲ್ಲ!

3/4
ಆಮೇಲೆ ದೇವನೂರ ಮಹಾದೇವರ 'ಕುಸುಮಬಾಲೆ' (1984). ಇಲ್ಲಿ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಮಾತಾಡ್ತಾವೆ. ಮಂಚಕ್ಕೂ ಮಾತು ಬರುತ್ತೆ. ಅದೇ ಪುಸ್ತಕದಲ್ಲಿ ಜಾತಿ ಮಾಡಿದ ಕೊಲೆಯೂ ಇದೆ. ಕೊಲೆ 'ಸಾಹಿತ್ಯ', ಮಂಚ 'ಫ್ಯಾಂಟಸಿ' ಅಂತ ಬೇರೆ ಬೇರೆ ಕಪಾಟಲ್ಲಿ ಇಡೋಕಾಗುತ್ತಾ? ಮನುಷ್ಯರು ಬಾಯಿಬಿಡದ ಊರಲ್ಲಿ ಮಂಚವೇ ಬಾಯಿಬಿಡಬೇಕಾಗುತ್ತೆ.

ತೇಜಸ್ವಿಯವರ 'ಕರ್ವಾಲೋ' (1980) ಓದಿ. ಮಾಟ ಇಲ್ಲ, ಮಂತ್ರ ಇಲ್ಲ. ಮಲೆನಾಡಿನ ಕಾಡಲ್ಲಿ ಒಂದು ಹಾರುವ ಓತಿಯ ಹುಡುಕಾಟ, ಅಷ್ಟೇ. ಡ್ರ್ಯಾಗನ್ ಕಂಡಾಗಿನ ಪುಳಕ ನನಗೆ ಆ ಓತಿಯಲ್ಲೂ ಸಿಕ್ಕಿತು.

4/4
ಈಗ ಮೈಲಾರಕ್ಕೆ ಬನ್ನಿ. ಹಡಗಲಿ ತಾಲೂಕು, ಭರತ ಹುಣ್ಣಿಮೆ ಜಾತ್ರೆ. ಗೊರವಯ್ಯ ಬಿಲ್ಲೇರಿ ಒಂದೇ ಒಂದು ಸಾಲು ಕಾರ್ಣಿಕ ನುಡೀತಾನೆ. ಆ ಸಾಲಿಗೆ ಮಳೆ, ಬೆಳೆ, ಸರ್ಕಾರ ಅಂತ ವರ್ಷವಿಡೀ ಅರ್ಥ ಹಚ್ಚೋ ಜನ ನಾವು. ಅದೇ ನಾವು 'ಅರಮನೆ' ಹಿಡಿದರೆ "ಅರ್ಥ ಆಗಲ್ಲ" ಅಂತೀವಿ. ಅರ್ಥ ಆಗಲ್ಲ ಅಲ್ರೀ, ಕೂತು ಓದೋ ಮನಸ್ಸಿಲ್ಲ.

ಒಂದು ಮಾತು ಒಪ್ತೀನಿ. ನಾನು ಎಂಟನೇ ಕ್ಲಾಸಲ್ಲಿದ್ದಾಗ, ರಾತ್ರಿಯೆಲ್ಲಾ ಕೂತು ಓದಿಸೋ ಏಳು ಭಾಗದ ಕನ್ನಡ ಸರಣಿ ನನ್ನ ಕೈಗೆ ಸಿಗಲಿಲ್ಲ. 'ಕುಸುಮಬಾಲೆ' ಆ ವಯಸ್ಸಿನ ಪುಸ್ತಕ ಅಲ್ಲ. ಆ ಕೊರತೆ ನಿಜ. ಆದರೆ ಇರೋದನ್ನೇ ಓದದವರು "ಇಲ್ಲ" ಅಂದರೆ, ಇಲ್ಲದ್ದನ್ನ ಬರೆಯೋ ಧೈರ್ಯ ಯಾರಿಗೆ ಬಂದೀತು? ಬೇಡಿಕೆ ಇಲ್ಲದ ಕಡೆ ಪೂರೈಕೆ ಆಗಲ್ಲ ಅನ್ನೋದು ಬಿಕಾಂ ಮಾಡೋ ನನಗಾದರೂ ಗೊತ್ತಿರಬೇಕಲ್ಲ.

ಆ ಕಾಮೆಂಟ್ ಹಾಕಿದವರಿಗೆ: 'ಅರಮನೆ' ಇಪ್ಪತ್ತೇ ಪುಟ, ಮನೆಯಲ್ಲಿ ಹಿರಿಯರ ಮುಂದೆ ಜೋರಾಗಿ ಓದಿ. ಆಮೇಲೂ "ಇಲ್ಲ" ಅನ್ನಿಸಿದರೆ ಬಂದು ಜಗಳ ಆಡಿ. ಕೊಟ್ಟೂರಿನವರಾದರೆ ನನ್ನ ಪ್ರತೀನೇ ಕೊಡ್ತೀನಿ. ವಾಪಸ್ ಕೊಡಬೇಕು ಮತ್ತೆ!

#ಕನ್ನಡಓದು #ಅರಮನೆ #ಕುಸುಮಬಾಲೆ #ಕರ್ವಾಲೋ #ಕೊಟ್ಟೂರು