ದಾನಕ್ಕೆ ಮೊದಲಿನ ಪ್ರಶ್ನೆ

ಹತ್ತೊಂಬತ್ತನೆಯ ಶತಮಾನದ ಉದ್ಯಮಪತಿಗಳ ಮಾತು ಬಂದಾಗಲೆಲ್ಲ ನಾವು ತಕ್ಕಡಿ ಹಿಡಿದು ಕೂರುತ್ತೇವೆ. ಒಂದು ತಟ್ಟೆಗೆ ಕಾರ್ಖಾನೆ, ರೈಲುಹಳಿ, ದಾನಧರ್ಮ. ಇನ್ನೊಂದಕ್ಕೆ ಮುಷ್ಕರ, ಗುಂಡೇಟು, ಸಾವು. ಈ ತೂಕವನ್ನು ನಾನು ಒಪ್ಪುವುದಿಲ್ಲ. ಎರಡೂ ತಟ್ಟೆಯಲ್ಲಿರುವುದು ಒಂದೇ ಹಣ. ಆಂಡ್ರ್ಯೂ ಕಾರ್ನೆಗಿಯನ್ನೇ ನೋಡಿ.

ಆತ 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಕೈಮಗ್ಗದ ನೇಕಾರನ ಮಗನಾಗಿ ಹುಟ್ಟಿದ. ಉಗಿಶಕ್ತಿಯ ಮಗ್ಗಗಳು ಅಪ್ಪನ ಕಸುಬನ್ನು ನುಂಗಿದ ಮೇಲೆ, 1848ರಲ್ಲಿ, ಸಂಸಾರ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋಯಿತು. ಹತ್ತಿ ಗಿರಣಿಯಲ್ಲಿ ಹುಡುಗನಿಗೆ ಸಿಕ್ಕ ಮೊದಲ ಸಂಬಳ ವಾರಕ್ಕೆ 1 ಡಾಲರ್ 20 ಸೆಂಟ್. ಜೇಮ್ಸ್ ಆಂಡರ್ಸನ್ ಎಂಬ ಕರ್ನಲ್ ದುಡಿಯುವ ಹುಡುಗರಿಗೆ ತಮ್ಮ ಮನೆಯ ಪುಸ್ತಕಗಳನ್ನು ಓದಲು ಕೊಡುತ್ತಿದ್ದರು. ಆ ಋಣವನ್ನು ಕಾರ್ನೆಗಿ ಮರೆಯಲಿಲ್ಲ. ಮುಂದೆ ಆತನ ಹಣದಿಂದ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಇದನ್ನು ಬೂಟಾಟಿಕೆ ಎನ್ನುವವರ ಜೊತೆ ನಾನಿಲ್ಲ.

ಆದರೆ ಪಿಟ್ಸ್‌ಬರ್ಗಿನ ಪಕ್ಕದ ಬ್ರ್ಯಾಡಕ್‌ಗೆ ಹೋಗೋಣ. 1875ರಲ್ಲಿ ಕಾರ್ನೆಗಿಯ ದೊಡ್ಡ ಉಕ್ಕಿನ ಕಾರ್ಖಾನೆ ಅಲ್ಲಿ ಶುರುವಾಯಿತು. ಊದುಕುಲುಮೆಯನ್ನು ಆರಿಸುವಂತಿಲ್ಲ, ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಹಾಗಾಗಿ ಪಾಳಿ ಎರಡೋ ಮೂರೋ ಎಂಬುದೇ ಅಲ್ಲಿನ ಬದುಕಿನ ಪ್ರಶ್ನೆ. ಮೇಲ್ವಿಚಾರಕ ಬಿಲ್ ಜೋನ್ಸ್ ಕೆಲಸ ಬಲ್ಲವನು. ಹನ್ನೆರಡು ಗಂಟೆ ದುಡಿದು ಸುಸ್ತಾದವನಿಂದ ಒಳ್ಳೆಯ ಕೆಲಸ ಬಾರದೆಂದು ವಾದಿಸಿ, ಎಂಟು ಗಂಟೆಯ ಮೂರು ಪಾಳಿಗಳಿಗೆ ಧಣಿಯನ್ನು ಒಪ್ಪಿಸಿದ. ಅದು ನಡೆಯಿತು ಕೂಡ. ಬೇರೆ ಕಾರ್ಖಾನೆಗಳು ಮಾತ್ರ ಹಿಂಬಾಲಿಸಲಿಲ್ಲ. ಪೈಪೋಟಿಯ ಕಾರಣ ಹೇಳಿ ಕಾರ್ನೆಗಿ ಕಾರ್ಖಾನೆಗೆ ಬೀಗ ಜಡಿದು, 1888ರಲ್ಲಿ ಕಾರ್ಮಿಕರನ್ನು ಮತ್ತೆ ಹನ್ನೆರಡು ಗಂಟೆಗೆ ಬಗ್ಗಿಸಿದ.

ಮರುವರ್ಷವೇ, 1889ರಲ್ಲಿ, ಅದೇ ಊರಲ್ಲಿ ಆತನ ಗ್ರಂಥಾಲಯ ಬಾಗಿಲು ತೆರೆಯಿತು. ಅಮೆರಿಕದಲ್ಲಿ ಆತ ಕಟ್ಟಿಸಿದ ಮೊದಲನೆಯದು. ನೆಲಮಾಳಿಗೆಯಲ್ಲಿ ಕಾರ್ಮಿಕರಿಗೆ ಸ್ನಾನದ ವ್ಯವಸ್ಥೆಯೂ ಇತ್ತು. ಸಂಪತ್ತಿನ ಬಗ್ಗೆ ಆತ ತನ್ನ ಪ್ರಸಿದ್ಧ ಲೇಖನ ಬರೆದದ್ದೂ ಅದೇ ವರ್ಷ: ಹಣವನ್ನು ವರ್ಷವರ್ಷ ಚಿಲ್ಲರೆಯಾಗಿ ಬಡವರಿಗೆ ಹಂಚುವುದಕ್ಕಿಂತ, ಶ್ರೀಮಂತನೊಬ್ಬ ಒಟ್ಟುಮಾಡಿ ಅವರ ಹಿತಕ್ಕೆ ಖರ್ಚು ಮಾಡುವುದೇ ಲೇಸು ಎಂಬುದು ಅದರ ವಾದ.

ನನ್ನ ತಕರಾರು ಇಲ್ಲಿದೆ. ಹನ್ನೆರಡು ಗಂಟೆ ಕಾದ ಕಬ್ಬಿಣದ ಮುಂದೆ ನಿಂತವನು, ಎರಡು ವಾರಕ್ಕೊಮ್ಮೆ ಪಾಳಿ ಬದಲಾಗುವಾಗ ಒಂದೇ ಸಮನೆ ಇಪ್ಪತ್ತನಾಲ್ಕು ಗಂಟೆ ದುಡಿಯುವವನು, ಯಾವ ಹೊತ್ತಿನಲ್ಲಿ ಪುಸ್ತಕ ಬಿಡಿಸಬೇಕು? ಅವನಿಂದ ಹೋದ ನಾಲ್ಕು ಗಂಟೆಯಲ್ಲಿ ಓದಬೇಕೋ, ಮಗುವನ್ನು ಆಡಿಸಬೇಕೋ, ಸುಮ್ಮನೆ ಮಲಗಬೇಕೋ ಎಂಬುದನ್ನು ಅವನೇ ತೀರ್ಮಾನಿಸಬಹುದಿತ್ತು. ಆ ತೀರ್ಮಾನವೇ ಧಣಿಯ ಕೈಗೆ ಹೋಯಿತು. ದಾನದ ಮೊತ್ತ ಎಷ್ಟು ದೊಡ್ಡದಾದರೂ ಈ ನಷ್ಟ ತುಂಬುವುದಿಲ್ಲ.

ಅಂದಿನವರನ್ನು ಇಂದಿನ ಕಣ್ಣಿನಿಂದ ಅಳೆಯಬಾರದು ಎಂಬ ಎಚ್ಚರಿಕೆ ಸಾಮಾನ್ಯವಾಗಿ ಸರಿ. ಕಾರ್ನೆಗಿಯ ವಿಷಯದಲ್ಲಿ ಅದು ನಿಲ್ಲುವುದಿಲ್ಲ. 1886ರಲ್ಲಿ ಕಾರ್ಮಿಕರ ಸಂಘ ಕಟ್ಟುವ ಹಕ್ಕನ್ನು ಪತ್ರಿಕೆಯಲ್ಲಿ ಸಮರ್ಥಿಸಿದ್ದು ಸ್ವತಃ ಆತನೇ. 1892ರಲ್ಲಿ ತನ್ನದೇ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಸಂಘವನ್ನು ಮುರಿಯಲು, ಕಂಪನಿ ನಡೆಸುತ್ತಿದ್ದ ಹೆನ್ರಿ ಫ್ರಿಕ್‌ಗೆ ಬೆಂಬಲ ಕೊಟ್ಟು, ತಾನು ಸ್ಕಾಟ್ಲೆಂಡಿನಲ್ಲಿದ್ದ. ಜುಲೈ 6ರಂದು ಪಿಂಕರ್ಟನ್ ಸಂಸ್ಥೆಯ ಸುಮಾರು 300 ಬಾಡಿಗೆ ಕಾವಲುಗಾರರು ದೋಣಿಗಳಲ್ಲಿ ಮೊನೊಂಗಹೀಲಾ ನದಿಯ ದಡಕ್ಕೆ ಬಂದಾಗ ನಡೆದ ಕಾಳಗದಲ್ಲಿ ಎರಡೂ ಕಡೆ ಹೆಣ ಬಿದ್ದವು. ಆತನನ್ನು ಅಳೆಯಲು ಆತನದೇ ಬರಹ ಸಾಕು, ಜೋನ್ಸ್ ನಡೆಸಿ ತೋರಿಸಿದ ಪಾಳಿ ಸಾಕು.

ಉಕ್ಕು ಅಗ್ಗವಾದದ್ದು, ಅದರಿಂದ ಒಂದು ದೇಶವೇ ಎದ್ದುನಿಂತದ್ದು ನಿಜ. ಅದರಲ್ಲಿ ಆತನ ಜಾಣ್ಮೆಗೂ ಪಾಲಿದೆ, ಕುಲುಮೆಯ ಮುಂದೆ ನಿಂತವರ ಮೈಗೂ ಪಾಲಿದೆ. 1901ರಲ್ಲಿ ಕಂಪನಿ 48 ಕೋಟಿ ಡಾಲರಿಗೆ ಬ್ಯಾಂಕರ್ ಜೆ. ಪಿ. ಮಾರ್ಗನ್ ಕೂಟಕ್ಕೆ ಮಾರಾಟವಾದಾಗ ಬೆಲೆ ಸಿಕ್ಕಿದ್ದು ಮೊದಲನೆಯದಕ್ಕೆ. ಅದೇ ಕಾರ್ಖಾನೆಗಳು ಹನ್ನೆರಡು ಗಂಟೆಯ ಪಾಳಿಯನ್ನು ಕೈಬಿಡಲು 1923 ಬರಬೇಕಾಯಿತು. ಅಷ್ಟರಲ್ಲಿ ಕಾರ್ನೆಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.