ನಡುವಿನ ದರ ಯಾವುದರ ನಡುವೆ?

‘ಮೂರು ಎಸ್ಟಿಮೇಟ್ ತರಿಸಿ, ನಡುವಿನದನ್ನು ಒಪ್ಪಿಕೊಳ್ಳಿ’ ಎಂದು ಕಳೆದ ಸಂಚಿಕೆಯ ಲೇಖಕರು ಬುದ್ಧಿ ಹೇಳಿದ್ದಾರೆ. ಮೂವರೂ ಒಂದೇ ಕೆಲಸಕ್ಕೆ ದರ ಹೇಳಿದ್ದಾರೆಂದು ಅವರಿಗೆ ಹೇಗೆ ಗೊತ್ತು?

ಹಳೆ ಮನೆಯ ಬಚ್ಚಲನ್ನೇ ತೆಗೆದುಕೊಳ್ಳಿ. ಒಬ್ಬ ಮೇಸ್ತ್ರಿ ಟೈಲ್ಸ್ ಕಿತ್ತು, ವಾಟರ್‌ಪ್ರೂಫಿಂಗ್ ಮಾಡಿ, ನೀರು ನಿಲ್ಲಿಸಿ ಸೋರಿಕೆ ನೋಡುವುದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾನೆ. ಇನ್ನೊಬ್ಬ ಹಳೆ ಟೈಲ್ಸ್ ಮೇಲೇ ಹೊಸದನ್ನು ಅಂಟಿಸುವವನು. ಮೂರನೆಯವನ ಚೀಟಿಯಲ್ಲಿ ಒಡೆದ ಮಣ್ಣುಕಲ್ಲು ಸಾಗಿಸುವ ಖರ್ಚೂ ಇಲ್ಲ, 18% ಜಿಎಸ್‌ಟಿಯೂ ಇಲ್ಲ. ಇವುಗಳ ನಡುವಿನ ಮೊತ್ತಕ್ಕೇನು ಅರ್ಥ? ವೈರಿಂಗನ್ನು ‘ಲಂಪ್‌ಸಮ್’ ಎಂದು ಬರೆದಿದ್ದರಂತೂ ಗೀಸರಿಗೆ 4 ಚದರ ಮಿಲಿಮೀಟರಿನ ವೈರ್ ಎಳೆದರೋ 1.5ರದ್ದೋ, ಪ್ಲಾಸ್ಟರ್ ಆದಮೇಲೆ ದೇವರೇ ಬಲ್ಲ.

ಅಳತೆ, ಸಾಮಾನು, ಬ್ರ್ಯಾಂಡ್ ಎಲ್ಲ ನಮೂದಿಸಿದ ಪಟ್ಟಿಯನ್ನು ಮೊದಲು ಮನೆಯವರೇ ಸಿದ್ಧಪಡಿಸಿ ಮೂವರಿಗೂ ಅದನ್ನೇ ಕೊಡಲಿ. ಆಮೇಲೆ ಅತಿ ಕಡಿಮೆ ದರದವನನ್ನೇ ಒಪ್ಪಿದರೂ ನನ್ನ ತಕರಾರಿಲ್ಲ.