ಯಾರ ತಟ್ಟೆಗೆ ಈ ಹನಿ?

‘ಪರ್ ಡ್ರಾಪ್ ಮೋರ್ ಕ್ರಾಪ್’ ಅನ್ನೋದು ಕೇಂದ್ರ ಸರ್ಕಾರದ 2015ರ ಘೋಷಣೆ. ಪಿಪಿಟಿ ಸ್ಲೈಡಿಗೆ ಹೇಳಿ ಮಾಡಿಸಿದ ಹಾಗಿದೆ. ಹನಿ ಹನಿಗೂ ಹೆಚ್ಚು ಬೆಳೆ. ಒಪ್ಪೋಣ. ಆದರೆ ಯಾವ ಬೆಳೆ? ಯಾರ ತಟ್ಟೆಗೆ?

ಕೋಲಾರದ ಲೆಕ್ಕ ಹಾಕಿ. ವರ್ಷವಿಡೀ ಹರಿಯೋ ನದಿ ಅಲ್ಲಿ ಒಂದೂ ಇಲ್ಲ. 2014ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ‘ಕೃಷಿ ಭಾಗ್ಯ’ ಇಂಥ ಒಣ ಹೊಲಗಳಲ್ಲಿ ಕೃಷಿ ಹೊಂಡ ತೋಡಿಸಿತು. ಒಳ್ಳೆ ಕೆಲಸವೇ. 12 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಇಳಿಜಾರು ಬದಿಯ ಹೊಂಡ ತುಂಬಿದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದೆಕರೆಗೆ ಒಂದು ಇಂಚು ನೀರು ಕೊಡೋಕೆ ಒಂದು ಲಕ್ಷ ಲೀಟರ್ ಬೇಕು. ಅಂದ್ರೆ ರಾಗಿ ತೆನೆ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟರೆ ಎಕರೆಗೆ ಎರಡು ಸಲ ಹಾಯಿಸಬಹುದು. ಎಷ್ಟೋ ವರ್ಷ ಬೆಳೆ ಉಳಿಯೋದೇ ಆ ಎರಡು ನೀರಿನಲ್ಲಿ. ಅಕ್ಕಡಿ ಸಾಲಿನ ಅವರೆ, ತೊಗರಿ ಉಳಿಯುತ್ತೆ, ಹಸುವಿಗೆ ಹುಲ್ಲೂ ಸಿಗುತ್ತೆ.

ಅದೇ ನೀರನ್ನ ಟೊಮೆಟೊಗೆ ತಿರುಗಿಸಿ ನೋಡಿ. ಡ್ರಿಪ್ ಹಾಕಿದರೂ ಅದು ಮೂರ್ನಾಲ್ಕು ತಿಂಗಳು ಬಿಡದೆ ನೀರು ಕೇಳುತ್ತೆ. ಹೊಂಡ ಬತ್ತಿದರೆ ಬೋರ್‌ವೆಲ್, ಬೋರ್‌ವೆಲ್‌ಗೆ ಸಾಲ.

“ದುಡ್ಡು ಬಂದ್ರೆ ಊಟ ಕೊಂಡ್ಕೋಬಹುದಲ್ವಾ?” ಅಂತೀರಿ. ಬಂದ್ರೆ ತಾನೇ! 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ನಾವು ಮೀಮ್ ಹಾಕಿ ನಕ್ಕಿದ್ವಿ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿದಾಗ ನಮ್ಮ ಟೈಮ್‌ಲೈನ್‌ಗಳಲ್ಲಿ ಸದ್ದೇ ಇರಲಿಲ್ಲ. ಬೆಲೆ ಏರಲಿ ಅಂತ ಟೊಮೆಟೊ ಕಾಯೋದಿಲ್ಲ, ಕೊಳೆಯುತ್ತೆ. ರಾಗಿ ಹಾಗಲ್ಲ, ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಕೂರುತ್ತೆ. ಮಾರುಕಟ್ಟೆ ಬಿದ್ದರೂ ಮನೆಯಲ್ಲಿ ಮುದ್ದೆ ಬೇಯುತ್ತೆ.

ಟೊಮೆಟೊ ಬೆಳೀಬೇಡಿ ಅನ್ನೋಕೆ ನಾವ್ಯಾರು? ನಮ್ಮ ಸಾರಿಗೂ ಅದು ಬೇಕು. ಬದಲಾಗಬೇಕಿರೋದು ಸರದಿ. ಹೊಂಡದ ಮೊದಲ ನೀರು ಮನೆಯ ರಾಗಿ, ಅವರೆಗೆ, ಬದುವಿನ ನುಗ್ಗೆ, ಸೊಪ್ಪಿಗೆ. ಮಿಕ್ಕಿದ್ದು ಮಾರುಕಟ್ಟೆಗೆ. ಸಬ್ಸಿಡಿ ಕೊಡೋ ಇಲಾಖೆ ಎಷ್ಟು ಹೊಂಡ ತೋಡಿಸಿದ್ವಿ ಅಂತ ಎಣಿಸಿದರೆ ಸಾಲದು. ಆ ಮನೆಯ ಕಣಜದಲ್ಲಿ ಎಷ್ಟು ತಿಂಗಳ ಕಾಳಿದೆ ಅಂತಲೂ ಎಣಿಸಲಿ.

ವೀಕೆಂಡಿನಲ್ಲಿ ಕೆಫೆಗೆ ಹೋಗಿ ರಾಗಿ ದೋಸೆ ತಿಂದು ನಾವು ಆರೋಗ್ಯದ ಮಾತಾಡ್ತೀವಿ. ರಾಗಿ ಬೆಳೆಯೋ ನೆಲ ಇರೋ ಮನೆಯವರು ಮಾತ್ರ ಅದನ್ನ ಅಂಗಡಿಯಿಂದ ಕೊಂಡು ತರಬೇಕಾ?